ಚರಂಡಿ ಜ್ಯೋತಿಷಿಯ ಒಂದು ಬಾಟಲಿ ಮಳೆನೀರು

ಎಲ್ಲ ರಗಳೆಗೂ ಮೂಲ, ಬೆಳಗಿನ ಚಹಾ ಕುಡಿಯುತ್ತ ಅವನು ಅತ್ತೆಯ ಮುಂದೆ ಆಡಿದ ಒಂದೇ ಒಂದು ಮಾತು.

"ಇವತ್ತು ಮಳೆ ಬರೋ ಹಾಗಿದೆ ಅತ್ತೆ. ಬಂದ್ರೆ ನಮ್ಮ ಬೀದಿ ಚರಂಡಿ ನೀರು ಲ್ಯಾಬಿಗೆ ಹೋಗುತ್ತೆ. ಸಂಜೆ ಮೀಟಿಂಗಲ್ಲಿ ದೊಡ್ಡೋರೆಲ್ಲ ಅದನ್ನೇ ನೋಡೋದು."

ಅತ್ತೆ ಲೋಟ ಕೆಳಗಿಟ್ಟರು. ಇಟ್ಟ ಸದ್ದಿನಲ್ಲೇ ಅವನಿಗೆ ಅರ್ಥವಾಗಬೇಕಿತ್ತು. ಆದರೆ ನೀರು ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವನಿಗೆ ಮಾತು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದು ಎಂದೂ ತಿಳಿದದ್ದಿಲ್ಲ.

ಅವನು ನಗರಸಭೆಯ ಚರಂಡಿ ವಿಭಾಗದ ಕಿರಿಯ ಎಂಜಿನಿಯರ್. ಬಡಾವಣೆಯವರು ಇಟ್ಟ ಹೆಸರು ಚರಂಡಿ ಜ್ಯೋತಿಷಿ. ಮಳೆ ಬಿದ್ದರೆ ಯಾವ ಸೂರಿನಿಂದ ಎಷ್ಟು ನೀರು ಇಳಿಯುತ್ತದೆ, ಎಷ್ಟು ಇಂಗುತ್ತದೆ, ಇಂಗಲು ಮಣ್ಣೇ ಉಳಿಯದ ಕಡೆ ಡಾಂಬರಿನ ಮೇಲೆ ಎಷ್ಟು ಓಡುತ್ತದೆ, ಓಡುವಾಗ ಹುಲ್ಲುಹಾಸಿನ ಗೊಬ್ಬರ, ಕೊಳೆತ ಎಲೆ, ನಾಯಿಗಳ ಕೃಪೆ ಎಲ್ಲವನ್ನೂ ಬಾಚಿಕೊಂಡು ಕೆರೆಗೆ ಎಷ್ಟು ರಂಜಕ ಸುರಿಯುತ್ತದೆ ಎಂಬುದನ್ನೆಲ್ಲ ಅವನು ಕಂಪ್ಯೂಟರಿನೊಳಗೆ ಲೆಕ್ಕ ಕಟ್ಟಿ ಮೊದಲೇ ಹೇಳುತ್ತಿದ್ದ. ಆ ರಂಜಕವೆಂಬುದು ಗಿಡದ ಬುಡಕ್ಕೆ ಬಿದ್ದರೆ ಹೂವು, ಕೆರೆಗೆ ಬಿದ್ದರೆ ಪಾಚಿ. ಮಳೆ ಬಂದಾಗ ಊರೆಲ್ಲ ಒಳಗೋಡಿದರೆ ಇವನೊಬ್ಬ ಹೊರಗೋಡುತ್ತಿದ್ದ. ಯಾವ ಮೂಲೆಯಲ್ಲಿ ನೀರು ತಿರುಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಬೀದಿ ಬೀದಿ ಬಗ್ಗಿ ನೋಡುತ್ತಿದ್ದ. ಹುಚ್ಚು ಎಂದವರೂ ಇದ್ದರು. ಆದರೆ ಒಂದು ಕೆಲಸವನ್ನು ಅಷ್ಟು ಪ್ರೀತಿಸುವವರನ್ನು ಕಂಡರೆ ನಮ್ಮ ನಮ್ಮ ಕೆಲಸದ ಮೇಲೂ ನಮಗೆ ಕೊಂಚ ಗೌರವ ಹುಟ್ಟುತ್ತದೆ.

ಬಡಾವಣೆಯ ತುದಿಯ ಕೆರೆ, ಹಸಿರು ಬಣ್ಣ ಕದಡಿಟ್ಟ ಬಾನಿಯಂತಾಗಿತ್ತು. ಮೀನು ಸತ್ತು ತೇಲಿದ್ದವು. ಕೆರೆಗೂ ಬೀದಿಗಳಿಗೂ ನಡುವೆ ಒಂದು ಖಾಲಿ ಜಾಗವಿತ್ತು. ಅಲ್ಲಿ ತಗ್ಗು ತೋಡಿ ಜೊಂಡಿನ ತೋಟ ಬೆಳೆಸಿದರೆ ಮಳೆನೀರು ನಿಂತು, ಗಲೀಜನ್ನು ಬೇರಿಗೆ ಬಿಟ್ಟು, ತಿಳಿಯಾಗಿ ಕೆರೆಗಿಳಿಯುತ್ತದೆ ಎಂಬುದು ಅವನ ಕನಸು. ಅದೇ ಜಾಗಕ್ಕೆ ಸಿಮೆಂಟು ಬಳಿದು ಕಾರು ನಿಲ್ಲಿಸಬೇಕೆಂಬುದು ಇನ್ನೊಂದು ಗುಂಪಿನ ಹಟ. ತೀರ್ಮಾನ ಇವತ್ತು ಸಂಜೆ.

"ನಿನ್ನ ಲೆಕ್ಕ ನಿಜ ಅಂತ ಒಂದು ಬಾಟ್ಲಿ ನೀರು ಸಾಕ್ಷಿ ಹೇಳ್ಲಿ, ತೋಟಕ್ಕೆ ನಾನೇ ರುಜು ಹಾಕ್ತೀನಿ" ಎಂದಿದ್ದರು ಮುಖ್ಯ ಎಂಜಿನಿಯರ್ ಸಾಹೇಬರು. ಅದೂ ಮಳೆಯ ಮೊದಲ ಹರಿವಿನ ನೀರು. ಬೀದಿಯ ಗುಟ್ಟೆಲ್ಲ ಇರುವುದು ಅದರಲ್ಲೇ.

ಅವನು ಸ್ನಾನ ಮುಗಿಸಿ, ತೊಳೆದ ಬಾಟಲಿಗಳ ಚೀಲ ಹೆಗಲಿಗೇರಿಸಿ ಬಾಗಿಲು ತೆರೆದ.

ಬೀದಿಗೆ ಬೀದಿಯೇ ಪೊರಕೆ ಹಿಡಿದು ನಿಂತಿತ್ತು. ನಡುವೆ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ಸೀಟಿ ಊದುತ್ತಿದ್ದರು. ಎಲೆ, ಧೂಳು, ನಾಯಿಗಳ ಕೃಪೆ ಎಲ್ಲ ಮೂಟೆಯಾಗಿ ಗಾಡಿಯೇರುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹಲ್ಲುಜ್ಜುವ ಬ್ರಷ್ಷಿನಿಂದ ಚರಂಡಿಯ ಅಂಚು ತಿಕ್ಕುತ್ತಿದ್ದರು.

"ಮೇಷ್ಟ್ರೇ! ಏನಿದು?"

"ಇನ್‌ಸ್ಪೆಕ್ಷನ್ ಅಂದ್ಮೇಲೆ ಗುಡಿಸ್ದೇ ಇರೋಕಾಗುತ್ತೇನ್ರಿ?" ಎಂದರು ಮೇಷ್ಟ್ರು. "ನನ್ನ ಸ್ಕೂಲಲ್ಲಿ ಇನ್‌ಸ್ಪೆಕ್ಟರ್ ಬರೋ ದಿನ ಕಸದ ಬುಟ್ಟೀನೂ ತೊಳೆದು ಬಿಸಿಲಿಗೆ ಇಡಿಸ್ತಿದ್ದೆ. ನಮ್ಮ ಬೀದಿ ನೀರು ಫಸ್ಟ್ ಕ್ಲಾಸ್ ಬರ್ಬೇಕು, ಅಷ್ಟೆ!"

"ಅಯ್ಯೋ, ದಿನಾ ಹೇಗಿರುತ್ತೋ ಹಾಗೇ ಇರ್ಬೇಕು ಮೇಷ್ಟ್ರೇ! ಕೊಳೆ ಇದ್ರೇನೇ ತೋಟ ಸಿಗೋದು!"

ಅತ್ತೆ ಬ್ರಷ್ಷು ಎತ್ತಿ ನೋಡಿದರು. "ಅಳಿಯಂದಿರೇ, ನಮ್ಮ ಕೊಳೇನ ಹತ್ತು ಜನರ ಮುಂದೆ ಬಾಟ್ಲೀಲಿ ಇಟ್ಟು ತೋರಿಸ್ತೀರಾ? ಮಗಳನ್ನ ಕೊಟ್ಟಿರೋ ಮನೆ ಕಣ್ರೀ ಇದು!"

ಅಷ್ಟರಲ್ಲಿ ಗುಡುಗು ಗೊಣಗಿತು. ಈ ಬೀದಿಯ ನೀರನ್ನು ಈಗ ಪಾರಿವಾಳಕ್ಕೆ ಕುಡಿಸಬಹುದಿತ್ತು. ಅವನು ಮುಂದಿನ ಬೀದಿಗೆ ಓಡಿದ. ಅಲ್ಲಿಯೂ ಮೇಷ್ಟ್ರ ಹಳೇ ಶಿಷ್ಯರು ಗುಡಿಸಿ ಮುಗಿಸಿದ್ದರು. ಅದರಾಚೆಯದೂ ಕನ್ನಡಿ. ಉಳಿದದ್ದು ಹಿಂದಿನ ಅಡ್ಡರಸ್ತೆ ಮಾತ್ರ. ಅಲ್ಲಿನವರಿಗೂ ಮೇಷ್ಟ್ರಿಗೂ ಎಣ್ಣೆ-ಸೀಗೇಕಾಯಿ. ಮೇಷ್ಟ್ರು ಗುಡಿಸಿ ಎಂದರೆಂಬ ಒಂದೇ ಕಾರಣಕ್ಕೆ ಅಲ್ಲಿ ಯಾರೂ ಒಂದು ಕಡ್ಡಿಯನ್ನೂ ಅಲುಗಿಸಿರಲಿಲ್ಲ. ಎಲೆ, ಗೊಬ್ಬರದ ಕಾಳು, ಎಲ್ಲವೂ ಇದ್ದಲ್ಲೇ ಇದ್ದವು. ಜಗಳವೂ ಒಮ್ಮೊಮ್ಮೆ ವಿಜ್ಞಾನಕ್ಕೆ ಒದಗುತ್ತದೆ ಎಂದು ಅವನಿಗೆ ಕಣ್ತುಂಬಿ ಬಂತು. ಪ್ರತಿ ಬೀದಿಗೂ ಅವನ ಬಳಿ ಬೇರೆ ಬೇರೆ ಲೆಕ್ಕವಿತ್ತು. ಇದೊಂದು ತಾಳೆಯಾದರೆ ಸಾಕಿತ್ತು.

ಚರಂಡಿಯ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕೂತ. ಮೊದಲ ಹನಿ ಬಿತ್ತು. ಹಿಂದಿನಿಂದ ಅಡ್ಡರಸ್ತೆಯ ಟೈಲರಮ್ಮ ಕೊಡೆ ಹಿಡಿದು ಬಂದರು. ಇನ್ನೊಂದು ಕೈಯಲ್ಲಿ ಗುಲಾಬಿ ಗಿಡದ ಗೊಬ್ಬರದ ಪೊಟ್ಟಣ.

"ನಿಮಗೆ ಗಲೀಜು ಬೇಕಂತಲ್ಲಪ್ಪಾ. ಎರಡು ಹಿಡಿ ಹಾಕ್ಲಾ?"

"ಬೇಡ ಟೈಲರಮ್ಮಾ! ಅದು ಮೋಸ."

"ಯಾರಿಗೆ ಗೊತ್ತಾಗುತ್ತೆ? ಮಳೆ ಬಂದು ಸಾಕ್ಷಿ ಹೇಳುತ್ತಾ?"

"ಹೇಳುತ್ತೆ. ಅದಕ್ಕೇ ಅಲ್ವಾ ನಾನು ಬಾಟ್ಲಿ ಹಿಡ್ಕೊಂಡು ಕೂತಿರೋದು?"

"ಆ ಮೇಷ್ಟ್ರ ಮೂತಿ ಇಷ್ಟುದ್ದ ಆಗೋದನ್ನ ನೋಡ್ಬೇಕಿತ್ತಪ್ಪ ನಾನು. ಒಂದೇ ಹಿಡಿ?"

ಅವನು ಎರಡೂ ಕೈ ಅಡ್ಡ ಹಿಡಿದು, ಸಂಬಂಧಿಕರಿಂದ ಮಗುವನ್ನು ಕಾಯುವ ತಾಯಿಯಂತೆ ಚರಂಡಿಯನ್ನು ಕಾದ. ಆಗಲೇ ನೀರು ಬಂತು. ಕಂದು ನೀರು, ನೊರೆ ನೀರು, ಬೀದಿಯ ಚರಿತ್ರೆಯನ್ನೆಲ್ಲ ಹೊತ್ತ ನೀರು. ಅವನು ಬಾಟಲಿ ಮುಳುಗಿಸಿದ, ಮುಚ್ಚಳ ತಿರುಗಿಸಿದ, ಏಳಲು ಹೋಗಿ ಜಾರಿ ಚರಂಡಿಯಲ್ಲಿ ಮಟ್ಟಸವಾಗಿ ಕೂತ. ಸೊಂಟದವರೆಗೆ ಮನುಷ್ಯ ಮುಳುಗಿದ್ದರೂ ಬಾಟಲಿ ಹಿಡಿದ ಕೈ ಮಾತ್ರ ದೀಪದ ಕಂಬದ ಹಾಗೆ ನೆಟ್ಟಗಿತ್ತು. ಟೈಲರಮ್ಮ ಪೊಟ್ಟಣ ಬೀಳಿಸದೆ ಅವನನ್ನು ಎಳೆದೆತ್ತಿದರು.

ಮಧ್ಯಾಹ್ನ ಲ್ಯಾಬಿನಾಕೆ ಆ ನೀರಿಗೆ ಮದ್ದು ಬೆರೆಸಿದಳು. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುತ್ತದೆ. ಕೊಳವೆಯಲ್ಲಿ ಬಣ್ಣ ಏರಿತು, ಏರಿತು, ಸಂಜೆಯ ಆಕಾಶದಷ್ಟಾಗಿ ನಿಂತಿತು. ಅಳೆದಳು. ಅವನ ಲೆಕ್ಕ ಹೇಳಿದ್ದೂ ಅದನ್ನೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲ.

"ಮನೇಲಿ ಕೂತು ಮಳೆ ಬರೋಕೆ ಮುಂಚೆ ಇದನ್ನ ಹೇಳಿದ್ರಾ?" ಎಂದು ಅವಳು ಬಾಯಿ ತೆರೆದು ನಿಂತಳು. ಒದ್ದೆ ಪ್ಯಾಂಟಿನಲ್ಲಿ ನಿಂತ ಅವನು ನಾಚಿ ನೆಲ ನೋಡಿದ.

ಸಂಜೆ ಮೀಟಿಂಗಿನಲ್ಲಿ ಸಾಹೇಬರು ನೀಲಿ ಕೊಳವೆಯನ್ನು ಎತ್ತಿ ಹಿಡಿದರು. "ಭೇಷ್! ಇಂಥ ಲೆಕ್ಕ ನಾನು ಸರ್ವೀಸಲ್ಲೇ ನೋಡಿಲ್ಲ." ರುಜು ಹಾಕಲು ಪೆನ್ನಿನ ಮುಚ್ಚಳವನ್ನೂ ತೆಗೆದರು.

ಬಾಗಿಲು ತೆರೆಯಿತು. ಅತ್ತೆ! ಕೈಯಲ್ಲಿ ಪಳಪಳನೆ ಹೊಳೆಯುವ ಸ್ಟೀಲಿನ ಫ್ಲಾಸ್ಕು. "ಸಾಹೇಬ್ರೇ, ನಮ್ಮ ಅಳಿಯಂದ್ರು ಸಂಕೋಚಕ್ಕೆ ಬೇರೆ ಬೀದಿ ನೀರು ತಂದಿದಾರೆ. ಇದು ನಮ್ಮ ಬೀದೀದು. ಮೊದಲನೇ ಮಳೆದೇ. ಸ್ವಲ್ಪ ನೋಡಿ."

ಸಾಹೇಬರಿಗೆ ಕುತೂಹಲ. ಲ್ಯಾಬಿಗೆ ಕಳಿಸಿದರು. ಮರಳಿ ಬಂದ ಕೊಳವೆಯಲ್ಲಿ ನೀಲಿ ಇದೆಯೋ ಇಲ್ಲವೋ ಎಂದು ಕನ್ನಡಕ ತೆಗೆದು ಹಾಕಿ ನೋಡಬೇಕಾಯಿತು.

"ಏನಮ್ಮ ಮಾಡಿದ್ರಿ?"

"ಗುಡಿಸಿದ್ವಿ."

ಸಾಹೇಬರು ನಿಧಾನವಾಗಿ ಅವನ ಕಡೆ ತಿರುಗಿದರು. "ಬಡಾವಣೆಯವರೆಲ್ಲ ದಿನಾ ಹೀಗೆ ಗುಡಿಸಿದ್ರೆ ಕೆರೆಗೆ ಏನು ಹೋಗುತ್ತೆ? ನಿನ್ನ ಲೆಕ್ಕಕ್ಕೆ ಕೊಟ್ಟು ನೋಡು."

ಕೊಟ್ಟ. ಕಂಪ್ಯೂಟರು ಕೊಂಚ ಹೊತ್ತು ಯೋಚಿಸಿ ಉತ್ತರ ಕೊಟ್ಟಿತು. ಅವನೇ ಹೆತ್ತು, ಅವನೇ ಸಾಕಿ, ಅವನೇ ಸುಳ್ಳು ಹೇಳಬಾರದೆಂದು ಕಲಿಸಿದ ಲೆಕ್ಕ. ತೋಟ ಎಷ್ಟು ರಂಜಕ ತಡೆಯುತ್ತಿತ್ತೋ, ದಿನದ ಪೊರಕೆಯೂ ಅಷ್ಟೇ ತಡೆಯುತ್ತದೆ ಎಂದಿತು. ಪರದೆ ಅವನ ಕಡೆಗೆ ಮಾತ್ರ ತಿರುಗಿತ್ತು. ಒಂದು ಅಂಕಿ ಆಚೀಚೆ ಹೇಳಿದ್ದರೆ ಆ ಕೋಣೆಯಲ್ಲಿ ಕೇಳುವವರಿರಲಿಲ್ಲ. ಜೊಂಡು, ಕಪ್ಪೆ, ತಿಳಿನೀರು ಎಲ್ಲವೂ ಅವನ ಕಣ್ಣ ಮುಂದೆ ಬಂದುಹೋದವು.

"ಗುಡಿಸಿದ್ರೆ ಸಾಕು ಸರ್" ಎಂದ.

ಅಂಥ ಮನುಷ್ಯನಿಗೆ ಎದ್ದು ನಿಂತು ಕೈಮುಗಿಯಬೇಕು. ಮೀಟಿಂಗಿನವರು ಕೂತೇ ಚಪ್ಪಾಳೆ ತಟ್ಟಿ, ಜಾಗವನ್ನು ಕಾರಿಗೆ ಕೊಟ್ಟು, ದಿನವೂ ಗುಡಿಸುವ ಭಾರವನ್ನು ಬಡಾವಣೆಗೂ ಅದರ ಉಸ್ತುವಾರಿಯನ್ನು ಅವನಿಗೂ ಹೊರಿಸಿ ಎದ್ದರು.

ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಮೇಷ್ಟ್ರು ಗೇಟಿನಲ್ಲೇ ಕಾದಿದ್ದರು. "ದಿನಾ ಗುಡಿಸೋದಾ? ಏನ್ರೀ ತಮಾಷೆನಾ? ಇನ್‌ಸ್ಪೆಕ್ಷನ್ ಮುಗೀತಲ್ಲ! ಇನ್‌ಸ್ಪೆಕ್ಷನ್ ಇಲ್ದೆ ಯಾರಾದ್ರೂ ಗುಡಿಸ್ತಾರಾ?"

ಅವನು ತಟ್ಟನೆ ನಿಂತ. ಹೌದಲ್ಲ! ತನ್ನ ಲೆಕ್ಕದಲ್ಲಿ ಸೂರಿತ್ತು, ಇಳಿಜಾರಿತ್ತು, ನಾಯಿಯೂ ಇತ್ತು. ಮೇಷ್ಟ್ರು ಮಾತ್ರ ಇರಲಿಲ್ಲ. ಬೀದಿ ನೋಡಿದ. ಗಾಳಿಗೆ ಎಲೆ ಉದುರಿ ಹಾಸಿಗೆಯಾಗಿತ್ತು. ನಾಯಿಗಳು ಬೆಳಗಿನ ನಷ್ಟ ತುಂಬಿಕೊಂಡಿದ್ದವು. ಒಂದು ಪೊರಕೆಯೂ ಕಾಣಲಿಲ್ಲ.

"ರೀ, ಹೆಸರು ಬಂತು, ತೋಟ ಹೋಯ್ತು ಅಂತ ಅಮ್ಮ ಒಂದೇ ಸಮ ಅಳ್ತಿದಾರೆ" ಎಂದಳು ಹೆಂಡತಿ.

"ಅಳಬೇಡಿ ಅನ್ನು! ಇವರು ಗುಡಿಸಲ್ಲ ಅಂತ ಒಂದು ಬಾಟ್ಲಿ ನೀರು ಸಾಕ್ಷಿ ಹೇಳಿದ್ರೆ ಸಾಕು, ತೋಟ ಮತ್ತೆ ನಮ್ದೇ!"

ದೂರದಲ್ಲಿ ಇನ್ನೊಂದು ಮೋಡ ಗುಡುಗಿತು. ಅವನು ಒಳಗೆ ಓಡಿ, ಹೊಸ ಬಾಟಲಿ ತೊಳೆದು, ಹಿಡಿದುಕೊಂಡು ಹೊರಗೆ ಕಾಲಿಟ್ಟ.

ಕಾಲಿಟ್ಟದ್ದೇ ತಡ, ಮೇಷ್ಟ್ರ ಸೀಟಿ ಸಿಡಿಯಿತು. "ಬಾಟ್ಲಿ! ಬಾಟ್ಲಿ ಬಂತು ಕಣ್ರೋ!"

ಅಷ್ಟೂ ಬಾಗಿಲುಗಳು ತೆರೆದವು. ಅಡ್ಡರಸ್ತೆಯ ಕಡೆಯಿಂದ "ಈ ಸಲ ಫಸ್ಟ್ ಕ್ಲಾಸ್ ನಮ್ದೇ!" ಎನ್ನುತ್ತ ಟೈಲರಮ್ಮನೂ ಪೊರಕೆ ಹಿಡಿದು ಓಡಿ ಬರುತ್ತಿದ್ದರು.