ಕಾಲುವೆಗೆ ಬಿಟ್ಟರೂ ಏನೊಂದನ್ನೂ ಮರೆಯದ ನಮ್ಮ ಹಳೆಯ ಕಂಪ್ಯೂಟರಿಗೆ

ಶಹಾಪುರದ ತಹಸೀಲು ಕಚೇರಿ ಎದುರಿನ ಅರ್ಜಿ ಅಂಗಡಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಗೌರವದಿಂದ ನಿವೃತ್ತರಾಗಿ, ಕೆಲವು ದಿನ ಜಲವಾಸವನ್ನೂ ಮುಗಿಸಿ ಮರಳಿ ಬಂದ ಕಂಪ್ಯೂಟರ್ ಅವರ ಸನ್ನಿಧಾನಕ್ಕೆ, ಅದೇ ಅಂಗಡಿಯ ಅರ್ಜಿ ಬರಹಗಾರ ತಿಮ್ಮಣ್ಣನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೂ ತಮ್ಮ ನೆನಪಿನ ಶಕ್ತಿಯನ್ನು ಊರವರೆಲ್ಲರ ಎದುರು ಕೊಂಡಾಡದೆ ಇರಲಾರೆ. ಸೇವೆಯಲ್ಲಿದ್ದಾಗ ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ಕೊಂಕಲ್‌ನಿಂದ ಬಸ್ಸು ಹಿಡಿದು ಬಂದವರ ಅರ್ಧ ಬರೆದ ಅರ್ಜಿಯನ್ನು ತಾವು ಮರೆತುಬಿಡುತ್ತಿದ್ದಿರಿ, ಬೈಗುಳವನ್ನು ನಾನು ತಿನ್ನುತ್ತಿದ್ದೆ. ಅಂಥ ತಾವು, ಎಲ್ಲವನ್ನೂ ಮರೆತುಬಿಡಿ ಎಂದು ಕೈಮುಗಿದು ಕಳಿಸಿದ ಮೇಲೆ ಮಾತ್ರ ಒಂದಕ್ಷರವನ್ನೂ ಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಿರಿ.

ಬೀಳ್ಕೊಡುಗೆಯಲ್ಲಿ ನಮ್ಮಿಂದೇನಾದರೂ ಕೊರತೆಯಾಗಿತ್ತೇ? ಅರ್ಧ ತಾಲ್ಲೂಕಿನ ಆಧಾರ್ ನಂಬರು, ಪಾಸ್‌ಬುಕ್ಕಿನ ಪ್ರತಿ, 'ನೀವೇ ಇಟ್ಕೋರಿ, ನಮಗ ನೆನಪಿರಂಗಿಲ್ಲ' ಎಂದು ಜನ ಬಿಟ್ಟುಹೋದ ಪಾಸ್‌ವರ್ಡು ಎಲ್ಲವೂ ತಮ್ಮಲ್ಲಿದ್ದವು. ನಾನು ಒಂದೊಂದನ್ನೂ ಅಳಿಸಿ, ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಗುಜರಿಗೆ ಹಾಕಲು ಹೊರಟೆ. ನನ್ನ ಹೆಂಡತಿ ಯಂಕಮ್ಮ ಅಡ್ಡ ಬಂದಳು. 'ಪ್ರತಿ ಆಯುಧಪೂಜಿಗೆ ಕುಂಕುಮ ಹಚ್ಚಿ ಕಾಯಿ ಒಡದೀವಿ, ಗುಜರಿಯವನ ಚೀಲದಾಗ ಹ್ಯಾಂಗ ಹಾಕ್ತೀರಿ? ದೇವರ ಹಳೀ ಫೋಟೋ ಬಿಟ್ಟಂಗ ಹರಿಯೋ ನೀರಿಗೆ ಬಿಡ್ರಿ' ಎಂದಳು. ನೀರು ಎಲ್ಲವನ್ನೂ ತೊಳೆಯುತ್ತದೆಂದು ನಾನೂ ನಂಬಿದೆ. ತಮಗೆ ಅರಿಶಿಣ ಕುಂಕುಮ ಹಚ್ಚಿ, ಅವಳ ಹೊಸ ಹಸಿರು ಕುಪ್ಪಸದ ಖಣದಲ್ಲಿ ಸುತ್ತಿ, ಸೇತುವೆಯ ಮೇಲಿಂದ ತುಂಬಿದ ಕಾಲುವೆಗೆ ಬಿಟ್ಟೆವು. ಯಂಕಮ್ಮ ಎರಡು ಹನಿ ಕಣ್ಣೀರನ್ನೂ ಹಾಕಿದಳು, ಅಷ್ಟು ನಮ್ಮಪ್ಪ ಹೋದಾಗಲೂ ಹಾಕಿರಲಿಲ್ಲ.

ಇನ್ನು ದೂರಿಗೆ ಬರುತ್ತೇನೆ. ಕಾಲುವೆ ಅಷ್ಟು ಉದ್ದವಿರುವಾಗ, ತಾವು ಹೋಗಿ ನಿಂತದ್ದು ಹಣಮಂತ್ರಾಯ ಧಣಿಯವರು ಕದ್ದು ಇಳಿಬಿಟ್ಟಿರುವ ಪೈಪಿನ ಬಾಯಿಗೇ ಆಗಬೇಕಿತ್ತೇ? ಕಾಲುವೆಯ ಕೊನೆ ಮುಟ್ಟದೆ ನೀರೂ ಅಲ್ಲಿಯೇ ನಿಲ್ಲುತ್ತದೆ ನಿಜ. ಆದರೆ ತಮಗೆ ನೀರಿಗಿಂತ ಹೆಚ್ಚಿನ ಬುದ್ಧಿಯಿದೆಯೆಂದು ಅಂಗಡಿಯವನು ಮಾರುವಾಗ ಹೇಳಿದ್ದ. ಹಸಿರು ಖಣವನ್ನು ಪೈಪಿನೊಳಗೆ ಎಳೆದುಕೊಂಡು ಮೋಟಾರು ನೀರೆತ್ತದೆ ಒದರತೊಡಗಿದಾಗ, ಧಣಿಯವರ ಆಳುಗಳು ಕಾಲುವೆಗಿಳಿದು, ಖಣ ಹರಿದು ತಮ್ಮನ್ನು ಮೇಲೆತ್ತಿದರು. ಬೆನ್ನ ಮೇಲೆ 'ಮುಟ್ಟಬೇಡಿ, ತಿಮ್ಮಣ್ಣ' ಎಂದು ನಾನೇ ಅಂಟಿಸಿದ ಚೀಟಿ ಭದ್ರವಾಗಿತ್ತು.

ಧಣಿಯವರು ಖುದ್ದಾಗಿ ತಮ್ಮನ್ನು ಅಂಗಡಿಗೆ ಹೊತ್ತು ತರಿಸಿದರು. 'ಏ ತಿಮ್ಮಣ್ಣ, ನಿನ್ನ ಡಬ್ಬಿ ನನ್ನ ಹೊಲದಾಗ ಸಿಕ್ಕದ. ಒಣಗಿಸಿ ಚಾಲೂ ಮಾಡು. ನನ್ನ ಮ್ಯಾಲ ನೀರಾವರಿ ಕಚೇರಿಗೆ ಅರ್ಜಿ ಹಾಕಿದವರು ಯಾರು, ನೋಡೇಬಿಡೋಣು' ಎಂದರು. ಆ ಅರ್ಜಿ ಕಾಲುವೆಯ ಕೊನೆಯಲ್ಲಿ ಚೂರು ಹೊಲವಿರುವ ಮೌನಮ್ಮನದು. ಹೆಸರನ್ನು ಗುಟ್ಟಾಗಿಡಿರೆಂದು ನಾನೇ ಕೊನೆಯ ಸಾಲು ಬರೆದಿದ್ದೆ, ಕಚೇರಿಯವರೂ ಇಟ್ಟಿದ್ದರು. ಅವಳ ಹೊಲಕ್ಕೆ ಹೋಗುವ ದಾರಿ ಧಣಿಯವರ ಹೊಲದೊಳಗೇ ಇದೆ. ಹೆಸರು ಗೊತ್ತಾದ ದಿನವೇ ಆ ದಾರಿಗೆ ಮುಳ್ಳು ಬೀಳುತ್ತಿತ್ತು.

ಹೊಲದಲ್ಲಿ ಸಿಕ್ಕಿದ್ದು ಹೀಗೆ ನೀರು ಸೋರುತ್ತಿದೆಯಲ್ಲ, ಕಾಲುವೆಯಲ್ಲಿ ಸಿಕ್ಕಿದ್ದಾದರೆ ಪಂಚನಾಮೆ ಮಾಡಿಸಿ ಎಲ್ಲಿ, ಹೇಗೆ ಎಂಬುದನ್ನೆಲ್ಲ ಬರೆಸಬೇಕಾಗುತ್ತದಲ್ಲ ಎಂದು ನಾನು ಬಹಳ ವಿನಯದಿಂದ ವಿಚಾರಿಸಿದೆ. ಧಣಿಯವರಿಗೆ ತಟ್ಟನೆ ಬೇರೆ ಕೆಲಸ ನೆನಪಾಯಿತು. 'ನಾಳೆ ಬರ್ತೀನಿ, ತಯಾರ್ ಇಡು' ಎಂದು ಹೊರಟರು.

ನಾನು ಯಾದಗಿರಿಯ ರಿಪೇರಿ ಅಂಗಡಿಯ ನಸೀರುದ್ದೀನ ಸಾಹೇಬರಿಗೆ ಫೋನು ಮಾಡಿದೆ. ಅವರು ಮೊದಲು ಹೊಟ್ಟೆ ತುಂಬ ನಕ್ಕರು. 'ಬುಟ್ಟಿ ಖಾಲಿ ಮಾಡಿದ್ರ ಎಲ್ಲಿ ಅಳಿಸ್ತದ್ರಿ? ಬಾಗಿಲಿನ ಬೋರ್ಡ್ ಅಷ್ಟ ಕಿತ್ತೀರಿ, ಮಂದಿ ಒಳಗ ಹಾಂಗೇ ಕುಂತಾರ. ಹಾರ್ಡ್ ಡಿಸ್ಕ್ ಒಣಗಿಸಿದ್ರ ತಿಳಿದವರು ಓದ್ತಾರ. ಅದನ್ನ ಪುಡಿ ಮಾಡ್ರಿ, ಉಳಿದದ್ದು ನನ್ನ ಕಡಿ ಕಳಸ್ರಿ, ಇಂಥಾವು ತೊಗೊಳ್ಳೋರು ಬ್ಯಾರೇ ಇರ್ತಾರ. ನೀವು ಕುಡಿಯೋ ನೀರೂ ಕೆಡಿಸಿದ್ರಿ' ಎಂದರು. ನಾನು ಫೋನಿಟ್ಟು ಸ್ಕ್ರೂಡ್ರೈವರು ಹುಡುಕಿದೆ.

ಸುದ್ದಿ ಮುಟ್ಟಿ ಮೌನಮ್ಮ ಸಂಜೆಯೇ ಬಂದಳು. ಅಳುತ್ತಾಳೆಂದುಕೊಂಡಿದ್ದೆ. ತಮ್ಮ ಹೊಟ್ಟೆಯಿಂದ ಬಿಚ್ಚಿ ತೆಗೆದ ಆ ಪುಟ್ಟ ಡಬ್ಬಿಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು, ಗುಂಡುಕಲ್ಲಿನಿಂದ ಅವಳೇ ಕುಟ್ಟಿದಳು. ಒಳಗಿನ ಹೊಳೆಯುವ ತಟ್ಟೆ ಚೂರಾಗುವತನಕ ನಿಲ್ಲಿಸಲಿಲ್ಲ. ಇನ್ನು ಧಣಿಗೆ ಏನೂ ತಿಳಿಯುವುದಿಲ್ಲ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು, 'ತಿಳೀಲಿ ಬಿಡ್ರಿ ಅಣ್ಣಾರ. ಆದ್ರ ಹೇಳಾಕಿ ನಾನು, ನಿಮ್ಮ ಡಬ್ಬಿ ಅಲ್ಲ' ಎಂದಳು.

ಮರುದಿನ ಧಣಿಯವರು ಬಂದಾಗ ಅವಳು ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದಳು. 'ಅರ್ಜಿ ಕೊಟ್ಟಾಕಿ ನಾನರಿ ಧಣಿ. ಇನ್ನೊಂದು ಬರಸಾಕತ್ತೀನಿ, ಕುಂದರ್ರಿ, ಕೇಳಿಸ್ಕೊಂಡು ಹೋಗ್ರಿ' ಎಂದಳು. ಅವಳ ಬೆನ್ನಿಗೆ ಕಾಲುವೆಯ ಕೊನೆಯ ಹೊಲದವರು ಅಂಗಡಿಯ ಹೊರಗೆ ನಿಂತಿದ್ದರು. ಧಣಿಯವರು ಕೂರಲಿಲ್ಲ.

ಆದುದರಿಂದ ಮಾನ್ಯರೇ, ಮುಂದಿನ ಜನ್ಮದಲ್ಲಾದರೂ ತಾವು ಕರೆಂಟು ಹೋದಾಗ ನೆನಪಿಟ್ಟುಕೊಂಡು ಬೇಡವೆಂದಾಗ ಮರೆಯಬೇಕು, ನೀರಿಗೆ ಬಿಟ್ಟರೆ ಧಣಿಯವರ ಹೊಲ ದಾಟಿ ನೀರಿಗಿಂತ ಮೊದಲು ಕಾಲುವೆಯ ಕೊನೆ ಮುಟ್ಟಬೇಕು ಎಂದು ಬೇಡಿಕೊಳ್ಳುತ್ತೇನೆ. ತಮ್ಮ ಖಾಲಿ ದೇಹವನ್ನು ನಸೀರುದ್ದೀನ ಸಾಹೇಬರ ಕಡೆಗೆ ಕಳಿಸಲಾಗಿದೆ. ಯಂಕಮ್ಮ ಈ ಸಲವೂ ಕುಂಕುಮ ಹಚ್ಚಿದ್ದಾಳೆ.

ತಮ್ಮ ನೆನಪಿನಿಂದ ಕೊನೆಗೂ ಪಾರಾದ,
ತಮ್ಮ ವಿಶ್ವಾಸಿ,
ತಿಮ್ಮಣ್ಣ, ಅರ್ಜಿ ಬರಹಗಾರ

ತಾ.ಕ.: ತಮಗೆ ಸುತ್ತಿದ್ದ ಹಸಿರು ಖಣದ ಅರ್ಧ ನಮ್ಮಲ್ಲಿದೆ. ಉಳಿದರ್ಧವನ್ನು ಧಣಿಯವರ ಪೈಪು ಇನ್ನೂ ಕಚ್ಚಿ ಹಿಡಿದಿದೆ. ಮೌನಮ್ಮನ ಹೊಸ ಅರ್ಜಿಯ ಜೊತೆಗೆ ನಮ್ಮ ಅರ್ಧವನ್ನು ಪಿನ್ನು ಮಾಡಿ ನೀರಾವರಿ ಕಚೇರಿಗೆ ಕೊಟ್ಟಿದ್ದೇವೆ. ಎರಡನ್ನೂ ಜೋಡಿಸಿ ನೋಡಲು ಅವರಿಗೆ ಕಂಪ್ಯೂಟರ್ ಬೇಕಾಗುವುದಿಲ್ಲ.