ಸೀಟು ತುಂಬಿಸುವ ಭಾವ

ಕಲಬುರಗಿಯಿಂದ ಬೆಂಗಳೂರಿಗೆ ವಿಮಾನ ಹಾರುತ್ತಿದ್ದುದು ಎಣ್ಣೆಯಿಂದ ಎಂದು ನೀವೆಲ್ಲ ತಿಳಿದಿರಬಹುದು. ತಪ್ಪು! ಅದು ಹಾರುತ್ತಿದ್ದುದು ನಮ್ಮ ಭಾವನವರ ಬಾಯಿಯಿಂದ. ಅವರು ಒಂದು ವಾರ ಸುಮ್ಮನಿದ್ದಿದ್ದರೆ ಆ ವಿಮಾನ ಯಾವತ್ತೋ ನೆಲ ಹಿಡಿಯುತ್ತಿತ್ತು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಶಹಾಪುರದ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ. ಜೊತೆಗೆ ಬಸ್ಸು, ರೈಲು, ವಿಮಾನದ ಟಿಕೆಟ್ ಬುಕಿಂಗು. ಮೊದಮೊದಲು ಕಲಬುರಗಿಗೆ ಎರಡು ಕಂಪನಿಗಳ ವಿಮಾನಗಳು ಬರುತ್ತಿದ್ದವು. ಇವರು ದರ ಇಳಿಸಿದರೆ ಅವರು ಮತ್ತೂ ಇಳಿಸುವರು. ಪಕ್ಕದ ಅಡತಿ ಅಂಗಡಿಯ ಕರಿಹಲಗೆಯಲ್ಲಿ ದಿನವೂ ಹತ್ತಿ, ತೊಗರಿಯ ದರ ಬರೆಯುತ್ತಾರಲ್ಲ, ಭಾವ ಅದರ ಅಡಿಯಲ್ಲೇ ವಿಮಾನದ ದರವನ್ನೂ ಬರೆಯತೊಡಗಿದರು! ಜನ ನಿಂತು ಓದುತ್ತಿದ್ದರು. ಆದರೆ ಹತ್ತಿ ಮಾರುವವರ ಬುದ್ಧಿ ಬಿಟ್ಟೀತೇ?

“ನಾಳಿ ಇನ್ನಾ ಇಳೀತದೇನ್ರಿ?”

“ಇಳೀಬೌದ್ರಿ.”

“ಹಂಗಾದ್ರ ತಡೀರಿ, ಇನ್ನಷ್ಟು ಇಳೀಲಿ.”

ಊರಿಗೆ ಊರೇ ತಡೆಯಿತು. ಅಷ್ಟರಲ್ಲಿ ಒಂದು ಕಂಪನಿ ಗಂಟುಮೂಟೆ ಕಟ್ಟಿತು!

ಉಳಿದ ಇನ್ನೊಂದರ ವಿಮಾನವೂ ಅರ್ಧ ಖಾಲಿ ಹೋಗುತ್ತಿದೆ ಎಂದು ತಿಳಿದ ದಿನ ಭಾವನಿಗೆ ಊಟ ಸೇರಲಿಲ್ಲ. ಕಮಿಷನ್ನಿನ ಆಸೆಗಲ್ಲ. ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ನಾನು ಅಕ್ಕ ಎನ್ನುತ್ತೇನೆ, ಅವಳಿಗೆ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು. ಮೊದಲ ಸಲ ಬಸ್ಸಿನಲ್ಲಿ ಬಂದೆವು. ಪ್ರತಿ ಉಬ್ಬಿಗೂ ವಾಂತಿ. ಶಹಾಪುರ ಮುಟ್ಟುವಾಗ ಅವಳಲ್ಲಿ ವಾಂತಿ ಮಾಡಲು ನೀರೂ ಉಳಿದಿರಲಿಲ್ಲ. ವಿಮಾನದಲ್ಲಾದರೆ ಹೊಟ್ಟೆ ತೊಳಸುವುದರೊಳಗೆ ಕಲಬುರಗಿ ಬಂದುಬಿಡುತ್ತಿತ್ತು. ಆ ಒಂದು ತಾಸನ್ನು ನಾನು ದೇವರೇ ಕೈಯೆತ್ತಿ ಕೊಟ್ಟದ್ದು ಎಂದು ನಂಬಿದ್ದೇನೆ. ಆದರೆ ಒಬ್ಬ ರೋಗಿಗಾಗಿ ಯಾರು ವಿಮಾನ ಓಡಿಸುತ್ತಾರೆ? ಮಿಕ್ಕ ಸೀಟುಗಳನ್ನು ತಾವೇ ತುಂಬಿಸುವುದೆಂದು ಭಾವ ಟೊಂಕ ಕಟ್ಟಿದರು.

ಪಕ್ಕದೂರು ಗೋಗಿಯ ಹತ್ತಿ ಸಾಹುಕಾರರೊಬ್ಬರನ್ನು ಹಿಡಿದರು. ಅವರು ಕೇಳಿದರು: “ಬಳ್ಳಾರ್ಯಾಗ ಐದು ನಿಮಿಷ ನಿಲ್ಲಸ್ತಾರೇನು? ಬೀಗರಿಗೆ ಒಂದ್ ಚೀಲ ಜ್ವಾಳ ಇಳಿಸಿ ಹೋಗ್ತೀನಿ.”

“ನಿಲ್ಲಸಂಗಿಲ್ರಿ ಸಾಹುಕಾರ್ರ. ಮ್ಯಾಲಿಂದ ಕೈ ಮಾಡಬೌದು, ನೋಡ್ರಿ!”

ಸಾಹುಕಾರರು ವಿಮಾನದಲ್ಲೇ ಹೋದರು. ಕೈ ಮಾಡಿದರೋ ಇಲ್ಲವೋ, ಗೊತ್ತಿಲ್ಲ.

ಇನ್ನೊಮ್ಮೆ ರಾಮಸಮುದ್ರದಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡಿದ್ದರು. ಮೂರನೆಯ ದಿನದ ಊಟಕ್ಕೆ ಹೋಗಿದ್ದೆವು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಅವರ ಮಗ ಕಣ್ಣೀರು ಒರೆಸಿಕೊಳ್ಳುತ್ತ ನೀರು ಬಡಿಸುತ್ತಿದ್ದ. ಭಾವ ಅವನ ಹೆಗಲ ಮೇಲೆ ಕೈಯಿಟ್ಟು, “ಡ್ಯೂಟಿಗೆ ವಾಪಸ್ ಹೋಗಾದು ಯಾವಾಗಪಾ? ಎರಡು ಸೀಟು ಹಾಕ್ಲೇನು?” ಎಂದರು! ನಾನು ನಾಚಿಕೆಯಿಂದ ಎಲೆಯೊಳಗೇ ಮುಖ ಇಟ್ಟೆ. ಹೊರಗೆ ಬಂದಮೇಲೆ ಕೇಳಿದೆ:

“ಸತ್ತ ಮನ್ಯಾಗ ಇದೇನ್ರಿ ಭಾವ?”

“ಸತ್ತವ್ರು ಹೋದ್ರು ತಂಗಿ. ಇದ್ದಾಕಿಗಿ ವಿಮಾನ ಬೇಕಲ್ಲ?”



ಇಷ್ಟೆಲ್ಲ ಮಾಡುವವರು ಅಕ್ಕನ ಜೊತೆ ತಾವೇ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಅಟ್ಟದ ಏಣಿಯ ಮೂರನೇ ಮೆಟ್ಟಿಲಿಗೇ ಕಣ್ಣು ಮುಚ್ಚಿಕೊಳ್ಳುವ ಗಂಡಸು ಅವರು! ಹೀಗಾಗಿ ಪ್ರತಿ ಸಲವೂ ನಾನೇ ಜೊತೆ. ಭಾವ ವಿಮಾನ ನಿಲ್ದಾಣದ ಗಾಜಿನ ಆಚೆ ನಿಂತು, ನಾವು ಕಾಣದಾಗುವ ತನಕ ಕೈಬೀಸುತ್ತಿದ್ದರು.

ಒಮ್ಮೆ ಹೊರಡುವ ಮುಂಚೆ ನಾನು ಅಕ್ಕನ ಉಡಿ ತುಂಬಿದೆ. ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ, ಎರಡು ಕೊಬ್ಬರಿ ಬಟ್ಟಲು. ಗುಣವಾಗಿ ಬರಲಿ ಎಂದು ತುಂಬಿದ ಉಡಿ. ಅವಳು ಸೆರಗಿನಲ್ಲಿ ಗಂಟು ಕಟ್ಟಿಕೊಂಡೇ ಬಂದಳು. ತಪಾಸಣೆಯಲ್ಲಿ ಹುಡುಗಿ ಗಂಟು ಬಿಚ್ಚಿಸಿದಳು. “ಅಮ್ಮಾ, ಒಣಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತೆ. ವಿಮಾನದಲ್ಲಿ ಬಿಡೋದಿಲ್ಲ.”

ಅಕ್ಕನ ಮುಖ ಬಿಳಿಚಿತು. ಉಡಿಯಿಂದ ತೆಗೆದು ಕಸಕ್ಕೆ ಹಾಕುವುದೆಂದರೇನು! ನಾನು ಮನಸ್ಸಿನಲ್ಲೇ ಮನೆದೇವರಿಗೆ ಮೊರೆಯಿಟ್ಟೆ. ಅಕ್ಕ ಕೊಬ್ಬರಿ ಬಟ್ಟಲುಗಳನ್ನು ಕೈಗೆತ್ತಿಕೊಂಡು ಹೇಳಿದಳು:

“ಒಗ್ಯಾದು ಬ್ಯಾಡವ್ವಾ. ನೀನೂ ಹೆಣ್ಣುಮಗಳ ಇದ್ದಿ. ಒಡ್ಡು ಸೆರಗು, ನಿನ್ನ ಉಡಿ ತುಂಬತೀನಿ.”

ಆ ಹುಡುಗಿಯ ಸಮವಸ್ತ್ರಕ್ಕೆ ಸೆರಗೆಲ್ಲಿಂದ ಬರಬೇಕು? ಅತ್ತಿತ್ತ ನೋಡಿದಳು, ಚೀಲ ಇಡುವ ಪ್ಲಾಸ್ಟಿಕ್ ಟ್ರೇಯನ್ನೇ ಎರಡೂ ಕೈಯಿಂದ ಒಡ್ಡಿದಳು! ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ. ಅದೂ ದೇವರ ದಯೆಯೇ.

ಭಾವ ತುಂಬಿಸಿದ್ದು ಸಾಲಲಿಲ್ಲ. ದಿನವೂ ಬರುತ್ತಿದ್ದ ವಿಮಾನ ವಾರಕ್ಕೆ ನಾಲ್ಕು ಸಲವಾಯಿತು, ಆಮೇಲೆ ಎರಡು. ಒಂದು ದಿನ ಅಕ್ಕನ ಮುಂದಿನ ಟಿಕೆಟ್ ರದ್ದಾಗಿದೆ ಎಂದು ಮೊಬೈಲಿಗೆ ಮೆಸೇಜು ಬಂತು. ಭಾವ ಕಂಪನಿಗೆ ಫೋನು ಹಚ್ಚಿದರು. “ನೀವು ವಿಮಾನ ಕಳಸ್ರಿ ಮೇಡಂ, ಮಂದೀನ್ನ ನಾ ಕರಕೊಂಡ್ ಬರ್ತೀನಿ. ಶಹಾಪುರದ ಜವಾಬ್ದಾರಿ ನಂದು, ಸುರಪುರದ್ದೂ ನಂದ!” ಆ ಕಡೆಯ ಹುಡುಗಿ ಹಿಂದಿಯಲ್ಲಿ ಧನ್ಯವಾದ ಹೇಳಿ ಇಟ್ಟಳು. ಭಾವ ಎದ್ದು ಹೋಗಿ ಅಡತಿ ಅಂಗಡಿಯ ಕರಿಹಲಗೆಯ ಕೊನೆಯ ಸಾಲನ್ನು ಅಂಗೈಯಿಂದ ಒರೆಸಿದರು.

ಮುಂದಿನ ಸಲ ಯಾದಗಿರಿಯಿಂದ ರೈಲು. ರೈಲು ನೆಲದ ಮೇಲೆ ಓಡುವುದರಿಂದ ಭಾವನೂ ಬಂದರು. ಹೋಗುವಾಗ ಚಿಂತೆಯಿರಲಿಲ್ಲ, ಔಷಧಿ ಏರಿಸಿಕೊಂಡು ಬರುವಾಗಲೇ ಕಷ್ಟ. ಗುಂತಕಲ್ಲಿನಿಂದ ಶುರುವಾದ ವಾಂತಿ ರಾಯಚೂರು ದಾಟಿ ಬೆಳಕು ಹರಿದರೂ ನಿಲ್ಲಲಿಲ್ಲ. ಭಾವ ಒಂದು ಕೈಯಲ್ಲಿ ಕವರು ಹಿಡಿದು, ಇನ್ನೊಂದು ಕೈಯಿಂದ ಅವಳ ಬೆನ್ನು ನೀವುತ್ತಲೇ ಇದ್ದರು. ಕೂದಲಿಲ್ಲದ ತಲೆಯಿಂದ ಸೆರಗು ಜಾರಿದಾಗೆಲ್ಲ ಹೊದಿಸುತ್ತಿದ್ದರು.

ಕೃಷ್ಣೆಯ ಸೇತುವೆ ಬಂತು. ನಾನು ಹೊಳೆಗೆ ಕೈಮುಗಿದೆ. ಭಾವ ತಲೆ ತಗ್ಗಿಸಿ, “ಆ ವಿಮಾನ ಉಳಸ್ಕೊಳ್ಳಾಕ ನನ್ನ ಕೈಲಿ ಆಗ್ಲಿಲ್ಲ ನೋಡು” ಎಂದರು.

ಅಕ್ಕ ಬಾಯಿ ಒರೆಸಿಕೊಂಡು ಅವರ ತೊಡೆಯ ಮೇಲೆ ತಲೆಯಿಟ್ಟಳು.

“ಇರ್ಲಿ ಬಿಡ್ರಿ. ಅದರಾಗ ನೀವು ಇರ್ತಿದ್ದಿಲ್ಲ.”