ಕಳ್ಳನ ಹೆಸರೂ ದಂಟಿನ ಸೊಪ್ಪೂ

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಇಲಿ. ನನ್ನ ಬದುಕಿಗೆ ಮಾತ್ರ ಒಬ್ಬ ಮುಖವಾಡದ ಪತ್ತೇದಾರ ಆಗಾಗ ಬರುತ್ತಲೇ ಇದ್ದಾನೆ. ಕಾಮಿಕ್ಸ್ ಪುಸ್ತಕದವನು, ಜೊತೆಗೊಬ್ಬ ಶಿಷ್ಯ. ಅವನು ಬಂದಾಗಲೆಲ್ಲ ನನ್ನ ಮರ್ಯಾದೆ ಹೋಗಿದೆ.

೧. ತೇಪೆ

ಐದನೇ ತರಗತಿಯಲ್ಲಿದ್ದಾಗ ಅಮ್ಮನ ಕೊಡೆಯ ಬಟ್ಟೆ ಕತ್ತರಿಸಿ ಮುಖವಾಡ ಮಾಡಿಕೊಂಡೆ. ಅದರ ಮೇಲೆ ದಪ್ಪ ಕನ್ನಡಕ ಏರಿಸಿ ಸವಳಂಗ ರಸ್ತೆಯಲ್ಲಿ ಗಂಭೀರವಾಗಿ ನಡೆದೆ. ಮೂಲೆಯಲ್ಲಿ ಕೂತಿದ್ದ ಕೊಡೆ ರಿಪೇರಿಯವರು, "ಬಾರೋ ಮಾರಾಯ, ನಿಮ್ಮಮ್ಮಂಗೆ ಗೊತ್ತಾ ಇದು?" ಎಂದರು.

"ನಾನು ಅಂತ ಹೆಂಗೆ ಗೊತ್ತಾಯ್ತು? ಕನ್ನಡಕದಿಂದಾನಾ?"

"ಅಲ್ಲ. ಕಿವಿ ಹತ್ರ ಇರೋ ತೇಪೆ ನಾನೇ ಹಾಕಿದ್ದು."

೨. ಹೆಣ್ಣು ನೋಡಿದ್ದು

ನಾನು ಓದಿದ್ದ ಕಥೆ ಎರಡು ಭಾಗದ್ದು. ಮೊದಲ ಭಾಗ ಮುಗಿಯುವಾಗ ಶಿಷ್ಯ ವಜ್ರದ ಕಳ್ಳನ ಮುಸುಕಿಗೆ ಕೈ ಹಾಕಿರುತ್ತಾನೆ. ಎರಡನೇ ಭಾಗ ಶಿವಮೊಗ್ಗದಲ್ಲಿ ನನಗೆ ಸಿಗಲೇ ಇಲ್ಲ.

ಹೆಣ್ಣು ನೋಡಲು ಭದ್ರಾವತಿಗೆ ಹೋದಾಗ ಹುಡುಗಿಯ ತಂದೆ, "ಏನಾದ್ರೂ ಕೇಳೋದಿದ್ರೆ ಕೇಳಿ ಮೇಷ್ಟ್ರೇ" ಎಂದು ನಮ್ಮಿಬ್ಬರನ್ನೇ ಒಳಕೋಣೆಯಲ್ಲಿ ಬಿಟ್ಟರು. ಅವಳ ಹಿಂದಿನ ಕಪಾಟಿನಲ್ಲಿ ಎರಡನೇ ಭಾಗವಿತ್ತು.

"ಕಳ್ಳ ಯಾರು?" ಎಂದೆ.

ಬಾಗಿಲ ಹಿಂದೆ ಕಿವಿಗೊಟ್ಟಿದ್ದ ಅವಳ ತಂಗಿ, "ಅಪ್ಪಾ, ಹುಡುಗ ಏನೋ ಕಳ್ಕೊಂಡಿದಾನಂತೆ" ಎಂದು ಓಡಿದಳು. ಹುಡುಗಿ ಮಾತ್ರ ನಗದೆ, "ಮದುವೆ ಆದ್ಮೇಲೆ ಹೇಳ್ತೀನಿ" ಎಂದಳು.

ನಾನು ಅಲ್ಲೇ ಒಪ್ಪಿಕೊಂಡೆ.

೩. ಮಲವಗೊಪ್ಪದಲ್ಲಿ ಬಸ್ಸು ನಿಂತದ್ದು

ಮದುವೆಯಾಯಿತು, ಹೇಳಲಿಲ್ಲ. ಪುಸ್ತಕವನ್ನು ತವರಿನಲ್ಲೇ ಟ್ರಂಕಿಗೆ ಹಾಕಿ ಬೀಗ ಜಡಿದು ಬಂದಿದ್ದಳು. ಕೇಳಿದಾಗಲೆಲ್ಲ, "ರೀ ಶಿಷ್ಯ, ಮೊದಲು ಈ ಸೊಪ್ಪು ಬಿಡಿಸಿ ಕೊಡಿ" ಎನ್ನುತ್ತಿದ್ದಳು. ಬಿಡಿಸಿ ಮುಗಿಸುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಮಾತು ಅಲ್ಲಿಗೆ ನಿಲ್ಲುತ್ತಿತ್ತು.

ಒಮ್ಮೆ ತುಂಬಿದ ಭದ್ರಾವತಿ ಬಸ್ಸಿನಲ್ಲಿ ತಾಳ್ಮೆಗೆಟ್ಟು, "ಕಳ್ಳ ಯಾರು ಅಂತ ಇವತ್ತು ಹೇಳ್ಲೇಬೇಕು" ಎಂದೆ, ಸ್ವಲ್ಪ ಜೋರಾಗಿಯೇ. ಸುತ್ತಲಿದ್ದವರೆಲ್ಲ ಜೇಬು ಮುಟ್ಟಿ ನೋಡಿಕೊಂಡರು. ಕಂಡಕ್ಟರ್ ಮಲವಗೊಪ್ಪದಲ್ಲಿ ಸೀಟಿ ಊದಿ ಬಸ್ಸು ನಿಲ್ಲಿಸಿ, "ಯಾರಮ್ಮ? ತೋರ್ಸಿ" ಎಂದ.

"ಈಗಿನದಲ್ಲಣ್ಣ, ನಾನು ಏಳನೇ ಕ್ಲಾಸಲ್ಲಿದ್ದಾಗಿಂದು" ಎಂದಳು ನನ್ನ ಹೆಂಡತಿ.

ಮುಂದಿನ ಸೀಟಿನ ಅಜ್ಜ ಬಹಳ ಕನಿಕರದಿಂದ, "ಹಂಗಾರೆ ಸಿಗಲ್ಲ ಬಿಡವ್ವ" ಎಂದರು.

೪. ಟ್ರಂಕು

ಅವಳು ತೀರಿಕೊಂಡು ಹನ್ನೊಂದು ತಿಂಗಳಾಯಿತು. ಆಸ್ಪತ್ರೆಯಲ್ಲಿ ಒಮ್ಮೆ ಕೇಳಬೇಕೆಂದುಕೊಂಡೆ. ಕೇಳಿದರೆ ಹೇಳಿಬಿಟ್ಟಾಳು ಎಂದು ಭಯವಾಗಿ ಸುಮ್ಮನಾದೆ.

ಕಳೆದ ಭಾನುವಾರ ಭದ್ರಾವತಿಗೆ ಹೋಗಿ ನಾದಿನಿಯ ಕೈಲಿ ಆ ಟ್ರಂಕು ತೆಗೆಸಿದೆ. ಪುಸ್ತಕವಿತ್ತು. ಮೂವತ್ತನೇ ಪುಟದಲ್ಲಿ ಶಿಷ್ಯ ಕಳ್ಳನ ಮುಸುಕನ್ನು ಗಲ್ಲದವರೆಗೆ ಎಳೆದಿದ್ದ. ಕೊನೆಯ ಹಾಳೆ ಇರಲಿಲ್ಲ.

"ಅದು ಮೊದಲಿಂದಲೂ ಇಲ್ಲ ಭಾವ," ಎಂದಳು ನಾದಿನಿ. "ಚಿಕ್ಕೋಳಿದ್ದಾಗ ನಾನೇ ಹರಿದು, ದೋಣಿ ಮಾಡಿ ಕಾಲುವೇಲಿ ಬಿಟ್ಟಿದ್ದೆ. ಅಕ್ಕ ಓದೋಕೆ ಮುಂಚೇನೇ."

"ಹಾಗಾದ್ರೆ ನಿಮ್ಮಕ್ಕಂಗೆ?"

"ಗೊತ್ತೇ ಇರ್ಲಿಲ್ಲ. ನಿಜ ಹೇಳಿಬಿಡೇ ಅಂದ್ರೆ, 'ಹೇಳಿದ್ರೆ ಸೊಪ್ಪು ಬಿಡಿಸೋರು ಯಾರು' ಅಂತಿದ್ಲು."

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒಂದು ಸಲ ಸಾಕಾಗಲಿಲ್ಲ, ಮತ್ತೊಮ್ಮೆ ಒರೆಸಿದೆ. ಆಗ ಒಂದು ವಿಷಯ ಹೊಳೆಯಿತು.

"ಹರಿಯೋಕೆ ಮುಂಚೆ ನೀನು ಆ ಹಾಳೆ ಓದಿದ್ದೆಯೇನಮ್ಮ?"

"ಓದದೆ ಹರೀತೀನಾ?"

"ಮತ್ತೆ, ಕಳ್ಳ ಯಾರು?"

ಅವಳು ಒಳಗೆ ಹೋಗಿ ಎರಡು ಕಟ್ಟು ದಂಟಿನ ಸೊಪ್ಪು, ಒಂದು ಮೊರ ತಂದು ನನ್ನ ಮುಂದಿಟ್ಟಳು.

"ಮೊದಲು ಇದನ್ನ ಬಿಡಿಸಿ ಕೊಡಿ ಭಾವ."